ಕರಾವಳಿಯ ಸೆಕೆಯಲ್ಲಿ ಬೆವರಿನ ಲೆಕ್ಕ
ವಿದ್ಯುತ್ತಿಲ್ಲದೆ ಮೈ ತಂಪಾಗಿಡುವ ಬಟ್ಟೆಯ ಕುರಿತ ನಿಮ್ಮ ಲೇಖನದಲ್ಲಿ, 2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ, ಸೂಕ್ಷ್ಮರಂಧ್ರಗಳ ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟೆ ನಮ್ಮ ಕರಾವಳಿಗೂ ಒದಗೀತು ಎಂದಿದ್ದೀರಿ. ದೇಹ ಸೂಸುವ ಅವಗೆಂಪು ಕಿರಣಗಳನ್ನು, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು, ಹತ್ತಿ ಬಟ್ಟೆ ಹೀರಿಕೊಂಡರೆ ಇದು ಹೊರಗೆ ದಾಟಿಸುತ್ತದೆ, ಅದೇ ವೇಳೆ ರಂಧ್ರಗಳು ಬೆಳಕನ್ನು ಚದುರಿಸುವುದರಿಂದ ಮೈ ಕಾಣುವುದಿಲ್ಲ ಎಂಬುದು ನಿಜಕ್ಕೂ ಬೆರಗಿನ ಸಂಗತಿ. ಆದರೆ ಉಡುಪಿಯ ಮೇ ತಿಂಗಳ ಕೊನೆಯಲ್ಲಿ, ಒಳಕೋಣೆಯ ಹಗ್ಗಕ್ಕೆ ಹಾಕಿದ ಬೈರಾಸು ಸಂಜೆಯಾದರೂ ಕೈಗೆ ತಣ್ಣಗೆ ಅಂಟುವಂಥ ಗಾಳಿಯಲ್ಲಿ, ನಮ್ಮನ್ನು ಬಳಲಿಸುವುದು ಆರದ ಬೆವರು. ಪಾಲಿಥಿಲೀನ್ ಸ್ವಭಾವತಃ ನೀರನ್ನು ಒಲ್ಲದ ವಸ್ತುವಾದ್ದರಿಂದ, ಸಂಶೋಧಕರೇ ಅದಕ್ಕೆ ಬೇರೊಂದು ಲೇಪ ಕೊಟ್ಟು ತೇವ ಹೀರುವಂತೆ ಮಾಡಬೇಕಾಯಿತು. ಲೇಖನದಲ್ಲಿ ಬಿಟ್ಟುಹೋಗಿರುವ ಈ ಭಾಗವೇ ನಮಗೆ ಹೆಚ್ಚು ಮುಖ್ಯ. ಗದ್ದೆಯಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ ಧರಿಸಿ ದುಡಿಯುವವರಿಗೆ ಇಂಥ ಅಂಗಿಯನ್ನು ತೊಡಿಸಿ, ಇಲ್ಲಿಯ ತೇವದಲ್ಲೇ ಪರೀಕ್ಷಿಸಿ ನೋಡಬೇಕೆಂದು ನನ್ನ ಕಳಕಳಿಯ ವಿನಂತಿ.