ತಿಮ್ಮಯ್ಯನವರ ನಾಡಿನಲ್ಲಿ ಒಬ್ಬೊಬ್ಬರನ್ನೇ ಕೇಳೋಣ

ಡಿಸೆಂಬರ್ 16ಕ್ಕೆ, ಭಾರತದ ಸೇನಾ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಮನೆಯಾಗಿದ್ದ, ಈಗ ಮ್ಯೂಸಿಯಂ ಆಗಿರುವ ಮಡಿಕೇರಿಯ ಸನ್ನಿ ಸೈಡ್‌ಗೆ ಹೋಗಿದ್ದೆ. ವಿಜಯ ದಿವಸ, 1971ರ ಯುದ್ಧ ಗೆದ್ದ ದಿನ. ಮೊದಲೆಲ್ಲ ಅಪ್ಪನ ಜೊತೆ ಹೋಗುತ್ತಿದ್ದೆ, ಈಗ ಮೂರು ವರ್ಷದಿಂದ ಒಬ್ಬಳೇ. ಹೂ ಇಟ್ಟು, ಮೌನವಾಗಿ ನಿಂತು, ಅಪ್ಪನ ಕಾಲದ ಮಾಜಿ ಸೈನಿಕರನ್ನು ಮಾತಾಡಿಸಿ ಬಂದೆ.

ಅದೇ ವಾರ ನಮ್ಮ ಗ್ರಾಮಸಭೆ. ಒಬ್ಬರು ಎದ್ದು ನಿಂತು, "ತೋಟದ ಲೈನ್‌ಮನೆಗಳಲ್ಲಿರುವ ಅಸ್ಸಾಮಿನವರೆಲ್ಲ ಬಾಂಗ್ಲಾದವರೇ, ಎಲ್ಲರನ್ನೂ ಕಳಿಸಬೇಕು ಅಂತ ನಿರ್ಣಯ ಮಾಡಿ" ಅಂದರು. ತುಂಬಾ ಜನ ಚಪ್ಪಾಳೆ ತಟ್ಟಿದರು. ನಾನು ಒಪ್ಪಲಿಲ್ಲ. ಸಭೆ ಮುಗಿದ ಮೇಲೆ ಒಬ್ಬ ಹುಡುಗ ಬಂದು, "ಅಕ್ಕ, ತಿಮ್ಮಯ್ಯನವರ ನಾಡಿನವರಾಗಿ ನೀವು ಹೀಗೆ ಮಾತಾಡಬಹುದಾ?" ಅಂತ ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿ ಬೇಜಾರಾಗಿಯೇ ಕೇಳಿದ. ಗದ್ದಲದಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅವನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತಮ್ಮಾ, ತಿಮ್ಮಯ್ಯನವರ ಹೆಸರು ಎತ್ತಿದೆಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ.

ಕೊರಿಯಾ ಯುದ್ಧ 1953ರ ಜುಲೈ 27ಕ್ಕೆ ನಿಂತಿತು. ಆದರೆ ಕೈದಿಗಳ ವಿಷಯ ಮುಗಿಯಲಿಲ್ಲ. ಅಮೆರಿಕದ ಕಡೆಯವರ ಕೈಯಲ್ಲಿದ್ದ ಚೀನಾ ಮತ್ತು ಉತ್ತರ ಕೊರಿಯಾದ ಸೈನಿಕರಲ್ಲಿ 22 ಸಾವಿರಕ್ಕೂ ಜಾಸ್ತಿ ಜನ ನಾವು ಊರಿಗೆ ವಾಪಸ್ ಹೋಗುವುದಿಲ್ಲ ಅಂದರು. ಚೀನಾ, ಉತ್ತರ ಕೊರಿಯಾದವರ ಕೈಯಲ್ಲಿದ್ದ ಕೈದಿಗಳಲ್ಲೂ 359 ಮಂದಿ ಹಾಗೇ ಅಂದರು, ಅದರಲ್ಲಿ ಅಮೆರಿಕದವರೂ ಇದ್ದರು. ಇವರನ್ನು ಏನು ಮಾಡಬೇಕು? ಅದಕ್ಕೆ ಐದು ದೇಶಗಳ ಒಂದು ಆಯೋಗ ಆಯಿತು. ಅಧ್ಯಕ್ಷತೆ ಭಾರತದ್ದು. ಆ ಕುರ್ಚಿಯಲ್ಲಿ ಕೂತವರು ನಮ್ಮ ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಜನರಲ್ ಥೋರಟ್ ಅವರ ಕೈಕೆಳಗೆ ಭಾರತದ ಸೈನಿಕರು ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷರು ಇವರನ್ನು ತಮ್ಮ ನೆಲದ ಮೇಲೆ ಕಾಲಿಡಲೂ ಬಿಡಲಿಲ್ಲ. ಹಡಗಿನಿಂದ ಹೆಲಿಕಾಪ್ಟರಿನಲ್ಲಿ ನೇರವಾಗಿ ಗಡಿಯ ನಡುವಿನ ಜಾಗಕ್ಕೆ ಇಳಿಸಬೇಕಾಯಿತು. ಅಲ್ಲಿನ ಬಿಡಾರಕ್ಕೆ ನಮ್ಮವರು ಇಟ್ಟ ಹೆಸರು ಹಿಂದ್ ನಗರ.

ಅಲ್ಲಿ ನಡೆದ ಕೆಲಸ ಸುಲಭದ್ದಲ್ಲ. ಕ್ಯಾಂಪಿನೊಳಗೆ ಕೈದಿಗಳ ಮುಖಂಡರೇ ಉಳಿದವರನ್ನು ಹೆದರಿಸುತ್ತಿದ್ದರು. ಎರಡೂ ಕಡೆಯ ದೇಶಗಳು ಭಾರತವನ್ನು ಬೈಯುತ್ತಿದ್ದವು. ಆದರೂ ಒಂದು ನಿಯಮ ಇತ್ತು. ಯಾರನ್ನೂ ಬಲವಂತದಿಂದ ವಾಪಸ್ ಕಳಿಸುವ ಹಾಗಿಲ್ಲ, ಬಲವಂತದಿಂದ ಉಳಿಸಿಕೊಳ್ಳುವ ಹಾಗೂ ಇಲ್ಲ. ಒಬ್ಬೊಬ್ಬರನ್ನೇ ಡೇರೆಗೆ ಕರೆದು ಮಾತಾಡಿಸಬೇಕು. ಕೊಟ್ಟ ದಿನಗಳಲ್ಲಿ ಎಲ್ಲರ ಸರದಿ ಬರಲೇ ಇಲ್ಲ, ಅದು ಬೇರೆ ಮಾತು. ಕೊನೆಗೆ ಯಾವ ಕಡೆಯೂ ಬೇಡ ಅಂದ 88 ಮಂದಿ 1954ರಲ್ಲಿ ನಮ್ಮವರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು. ಮುಂದೆ ಅವರಲ್ಲಿ ತುಂಬಾ ಜನ ಬ್ರೆಜಿಲ್, ಅರ್ಜೆಂಟೀನಾಕ್ಕೆ ಹೋಗಿ ನೆಲೆ ನಿಂತರು.

ನಾವು ತಿಮ್ಮಯ್ಯನವರ ಪ್ರತಿಮೆಗೆ ಹಾರ ಹಾಕುತ್ತೇವೆ. 1948ರಲ್ಲಿ ಕಾಶ್ಮೀರದ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದನ್ನು ಹೇಳುತ್ತೇವೆ, ಹೇಳಲೇಬೇಕು. ಆದರೆ ಕೊರಿಯಾದ ಈ ಕಥೆಯನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಅವರು ತೀರಿಕೊಂಡದ್ದೂ ಸೈಪ್ರಸ್‌ನಲ್ಲಿ, 1965ರ ಡಿಸೆಂಬರ್ 18ರಂದು, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ.

ನಮ್ಮಪ್ಪ 1971ರಲ್ಲಿ ಪೂರ್ವದ ಗಡಿಯಲ್ಲಿದ್ದರು. ವಿಜಯ ದಿವಸ ಬಂದರೆ ಗುಂಡಿನ ಕಥೆ ಹೇಳುತ್ತಾರೆ ಅಂತ ನಾವು ಮಕ್ಕಳು ಕಾಯುತ್ತಿದ್ದೆವು. ಅವರು ಹೇಳುತ್ತಿದ್ದದ್ದು ಕಲ್ಕತ್ತಾದ ಹತ್ತಿರ ದೊಡ್ಡ ಸಿಮೆಂಟ್ ಪೈಪಿನೊಳಗೆ ಸಂಸಾರ ಮಾಡುತ್ತಿದ್ದವರ ಕಥೆ. ಪೈಪಿನ ಬಾಯಿಗೆ ಹರಿದ ಸೀರೆ ಕಟ್ಟಿರುತ್ತಿದ್ದರಂತೆ, ಬಾಗಿಲಿನ ಹಾಗೆ. ಆ ವರ್ಷ ಈಗಿನ ಬಾಂಗ್ಲಾದೇಶದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದಿದ್ದರು. ಅಪ್ಪ ಯುದ್ಧ ಅಂದರೆ ಮೊದಲು ಆ ಸೀರೆಯನ್ನೇ ನೆನೆಯುತ್ತಿದ್ದರು.

ಅಷ್ಟು ದೂರ ಯಾಕೆ, ಕುಶಾಲನಗರದ ಸೇತುವೆ ದಾಟಿದರೆ ಬೈಲಕುಪ್ಪೆ. ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದರು, ಒಂದೆರಡು ವರ್ಷಕ್ಕೆಲ್ಲ ಟಿಬೆಟಿನವರಿಗೆ ಮೈಸೂರು ಸರ್ಕಾರ ಅಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಆಗ ಅದು ಕಾಡು. ಆನೆ, ಸೆಕೆ, ಕಾಯಿಲೆ ಎಲ್ಲ ಸಹಿಸಿ ಜೋಳ ಬೆಳೆದರು. ಇವತ್ತು ಕುಶಾಲನಗರದ ಯಾವ ಅಂಗಡಿಯವರನ್ನಾದರೂ ಕೇಳಿ, ಅವರಿಂದ ನಮಗೆ ನಷ್ಟವಾಯಿತಾ ಅಂತ. ಇಷ್ಟಾದರೂ ಅಲ್ಲಿ ಅರವತ್ತು ವರ್ಷದಿಂದ ಇರುವವರು ಕೂಡ ವಿದೇಶಿಯರ ನೋಂದಣಿ ಪತ್ರ ನವೀಕರಿಸಿಕೊಂಡು ಬದುಕುತ್ತಿದ್ದಾರೆ.

ಯಾಕೆಂದರೆ ನಮ್ಮಲ್ಲಿ ನಿರಾಶ್ರಿತರ ಕಾನೂನೇ ಇಲ್ಲ. 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ. ಟಿಬೆಟಿನವರಿಗೆ ಒಂದು ಆದೇಶ, ಶ್ರೀಲಂಕಾ ತಮಿಳರಿಗೆ ಇನ್ನೊಂದು. 2019ರ ಪೌರತ್ವ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಈ ಮೂರು ದೇಶಗಳಿಂದ 2014ರ ಕೊನೆಯೊಳಗೆ ಬಂದ ಆರು ಧರ್ಮದವರಿಗೆ ಮಾತ್ರ. ಅದರಲ್ಲಿ ಬೈಲಕುಪ್ಪೆಯವರೂ ಇಲ್ಲ. ಲೋಕಸಭೆಯಲ್ಲಿ 2015ರಲ್ಲಿ ಆಶ್ರಯದ ಬಗ್ಗೆ ಸಂಸದರೊಬ್ಬರ ಖಾಸಗಿ ಮಸೂದೆ ಬಂದಿತ್ತು, ಕಾನೂನಾಗಲಿಲ್ಲ.

ನಾನು ಗಡಿ ತೆರೆದಿಡಿ ಅನ್ನುತ್ತಿಲ್ಲ. ಸೈನಿಕನ ಮಗಳು ನಾನು. ಸುಳ್ಳು ದಾಖಲೆ ಮಾಡಿದವರನ್ನು ಪೊಲೀಸರು ಹಿಡಿಯಲಿ. ಆದರೆ ಆಶ್ರಯ ಕೇಳಿ ಬಂದವನನ್ನು ಯಾರು ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಉತ್ತರ ತಪ್ಪಾದರೆ ಎಲ್ಲಿಗೆ ಹೋಗಬೇಕು ಅಂತ ಒಂದು ಕಾನೂನು ಬೇಡವಾ? ಅದಿಲ್ಲದ ಕಾರಣಕ್ಕೆ ನುಸುಳಿ ಬಂದವನು, ಪ್ರಾಣ ಉಳಿಸಿಕೊಳ್ಳಲು ಬಂದವನು, ಕೂಲಿಗೆ ಬಂದ ನಮ್ಮದೇ ದೇಶದ ಅಸ್ಸಾಮಿನವನು, ಎಲ್ಲರೂ ನಮ್ಮ ಬಾಯಲ್ಲಿ ಒಂದೇ ಆಗಿಬಿಟ್ಟಿದ್ದಾರೆ.

ಕಾಗದ ಇಲ್ಲದಿದ್ದರೆ ಮನುಷ್ಯ ಏನಾಗುತ್ತಾನೆ ಅಂತ ನಮಗೆ ಗೊತ್ತಿಲ್ಲವಾ? 2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಗುಡ್ಡ ಜಾರಿದಾಗ ಮನೆಯ ಜೊತೆ ರೇಷನ್ ಕಾರ್ಡು, ಪಹಣಿ, ಆಧಾರ್ ಎಲ್ಲ ಮಣ್ಣಿನಡಿ ಹೋದವು. ಪರಿಹಾರ ಕೇಂದ್ರದಲ್ಲಿದ್ದ ಒಬ್ಬ ಅಜ್ಜಿಯನ್ನು ನಾನೇ ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. "ನೀವು ಅದೇ ಊರಿನವರು ಅನ್ನೋದಕ್ಕೆ ಏನು ದಾಖಲೆ?" ಅಂತ ಕೇಳಿದರು. ಅಜ್ಜಿ ಹುಟ್ಟಿದ್ದು, ಬೆಳೆದದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲ ಅದೇ ಊರಲ್ಲಿ. ಅವರು ನನ್ನ ಮುಖ ನೋಡಿದರು. ಆ ನೋಟ ಇನ್ನೂ ಮರೆತಿಲ್ಲ.

ಗ್ರಾಮಸಭೆಯ ಮರುದಿನ ನಾನು ಆ ಲೈನ್‌ಮನೆಗೆ ಹೋದೆ. ಕಾಫಿ ಕುಯ್ಲು ಮುಗಿಸಿ ಆಗಷ್ಟೇ ಬಂದಿದ್ದರು. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿದೆ, ನನ್ನ ಹರಕು ಹಿಂದಿಯಲ್ಲಿ. ಅಸ್ಸಾಮಿನ ಬಾರ್ಪೇಟಾ ಕಡೆಯ ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲದಿಂದ ಮತದಾರರ ಚೀಟಿ, ಆಧಾರ್, ಅಪ್ಪನ ಹೆಸರಿರುವ ಹಳೇ ಕಾಗದದ ಝೆರಾಕ್ಸ್ ಎಲ್ಲ ತೆಗೆದು ಹಾಸಿಗೆ ಮೇಲೆ ಸಾಲಾಗಿ ಇಟ್ಟಳು. ಮಲಗುವಾಗಲೂ ಆ ಚೀಲ ತಲೆದಿಂಬಿನ ಕೆಳಗೇ ಇರುತ್ತದಂತೆ. ಆ ಹುಡುಗನನ್ನು ಮುಂದಿನ ಭಾನುವಾರ ಅಲ್ಲಿಗೆ ನನ್ನ ಜೊತೆ ಬಾ ಅಂತ ಕರೆದಿದ್ದೇನೆ. ಬರುತ್ತೇನೆ ಅಂದಿದ್ದಾನೆ.