ನನ್ನ ಪಟ್ಟಿಗೆ ನಾಲ್ಕು ನಕ್ಷತ್ರ

ಕಾಸರಗೋಡು ಸೀಮೆಯ ನಮ್ಮ ಲೈಬ್ರರಿಯಲ್ಲಿ ಈಗ ಪುಸ್ತಕಕ್ಕೆ ನಕ್ಷತ್ರ ಕೊಡಬಹುದು. ಆನ್‌ಲೈನ್ ಕ್ಯಾಟಲಾಗಿನಲ್ಲಿ ಕಮೆಂಟ್ ಹಾಕಬಹುದು, ಟ್ಯಾಗ್ ಅಂಟಿಸಬಹುದು, ಮೆಚ್ಚಿದ ಪುಸ್ತಕಗಳ ಪಟ್ಟಿ ಮಾಡಿ ಊರಿಗೆಲ್ಲ ತೋರಿಸಬಹುದು. ಪುಸ್ತಕ ಹುಡುಕಲು ಮಾತ್ರ ಆಗುವುದಿಲ್ಲ.

ಯಾಕೆಂದರೆ ಕನ್ನಡ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ತುಂಬಿಸಿದ್ದಾರೆ. ಅಲ್ಲಿ ಕಾಡು, ಕಡು, ಕಾದು ಮೂರೂ ಒಂದೇ. ಕನ್ನಡದಲ್ಲಿ ಟೈಪ್ ಮಾಡಿದರೆ ಸೊನ್ನೆ. ಸಾಫ್ಟ್‌ವೇರಿನ ತಪ್ಪಲ್ಲ ಬಿಡಿ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಕೋಹಾ ಎಂಬ ಈ ಲೈಬ್ರರಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕನ್ನಡ ಅಕ್ಷರ ತುಂಬಿಸಿದರೆ ಕನ್ನಡದಲ್ಲೇ ಹುಡುಕಿ ಕೊಡುತ್ತದೆ. ತುಂಬಿಸಬೇಕಲ್ಲ! ‘ಓದುಗರ ಸಮಯ ಉಳಿಸಿ’ ಅಂತ ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಮದ್ರಾಸಿನಲ್ಲಿ ಕೂತು 1931ರಲ್ಲೇ ಸೂತ್ರ ಬರೆದಿಟ್ಟರು. ಆಗ ನಾವೂ ಮದ್ರಾಸ್ ಪ್ರಾಂತ್ಯದವರೇ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸುವಾಗ ಆ ಸೂತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿರಬೇಕು.

ಹಾಗೆ ನೋಡಿದರೆ ಕಮೆಂಟ್ ನಮಗೆ ಹೊಸತೇನಲ್ಲ. ಒಂದು ಪತ್ತೇದಾರಿ ಕಾದಂಬರಿಯ 12ನೇ ಪುಟದಲ್ಲಿ ಯಾರೋ ಬಾಣ ಎಳೆದು ‘ಕೊಲೆ ಮಾಡಿದ್ದು ಇವನೇ’ ಅಂತ ಬರೆದಿದ್ದಾರೆ. ಕೆಳಗೆ ಇನ್ನೊಬ್ಬರು, ‘ಸುಳ್ಳು, ತಮ್ಮ ಮಾಡಿದ್ದು’. ಅದರ ಕೆಳಗೆ ನೀಲಿ ಶಾಯಿಯಲ್ಲಿ, ‘ಕೊನೆಯ ಪುಟವೇ ಇಲ್ಲ ಮಾರಾಯ್ರೇ, ಇಬ್ಬರೂ ಸುಮ್ನಿರಿ.’ ಇದಕ್ಕೆ ಓಟಿಪಿ ಬೇಕಾಗಿರಲಿಲ್ಲ.

“ಮಾಷ್ಟ್ರೇ, ನೀವೇ ಮೊದಲ ಕಮೆಂಟ್ ಹಾಕಿ. ಮೇಲಿನವರು ಲೆಕ್ಕ ಕೇಳ್ತಾರೆ,” ಅಂದರು ಲೈಬ್ರರಿಯ ಅಕ್ಕ. ಓಟಿಪಿ ಬರಲಿಕ್ಕೆ ಅಂಗಳದ ಹಲಸಿನ ಮರದ ಬುಡಕ್ಕೆ ಹೋಗಬೇಕು. ಹೋದೆ. ಮೆಚ್ಚಿದ ಒಂದು ಪುಸ್ತಕಕ್ಕೆ ನಾಲ್ಕು ನಕ್ಷತ್ರ ಕೊಟ್ಟು, ‘ಈ ಲೇಖಕರು ನನ್ನ ಪಟ್ಟಿಯಲ್ಲಿ ಮೊದಲಿಗರು’ ಅಂತ ಹಾಕಿದೆ.

ಕಮೆಂಟ್ ಕಾಣಬೇಕಾದರೆ ಮೇಲಿನ ಸಾರ್ ಒಪ್ಪಬೇಕು. ಅವರಿಗೆ ಕನ್ನಡ ಬರುವುದಿಲ್ಲ. ಯಾರೋ ಗಟ್ಟಿಯಾಗಿ ಓದಿ ಹೇಳಿದ್ದಾರೆ. ಅವರ ಕಿವಿಗೆ ಬಿದ್ದದ್ದು ‘ಪಟ್ಟಿ’ ಒಂದೇ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ.

ವಾರದ ಮೇಲೆ ಮೆಸೇಜ್ ಬಂತು, ಮಲಯಾಳದಲ್ಲೇ. ಲೇಖಕರನ್ನು ಬಯ್ಯುವ ಕಮೆಂಟ್ ಹಾಕಬಾರದಂತೆ. ಅಕ್ಕ ಹತ್ತು ನಿಮಿಷ ನಕ್ಕು, ಆಮೇಲೆ ತಾವೇ ವಿವರಣೆ ಬರೆದು ಕಳಿಸಿದರು. ಅದೂ ಒಪ್ಪಿಗೆಗೆ ಕಾಯುತ್ತಿದೆ.

ನಾನು ಆ ಪುಸ್ತಕದ 40ನೇ ಪುಟದ ಅಂಚಿನಲ್ಲಿ ಅದೇ ಸಾಲನ್ನು ಪೆನ್ಸಿಲಿನಲ್ಲಿ ಬರೆದಿಟ್ಟೆ. ತಪ್ಪೇ, ಗೊತ್ತುಂಟು. ಮೊನ್ನೆ ಹೋಗಿ ನೋಡಿದರೆ ಕೆಳಗೆ ಎರಡು ಉತ್ತರ ಬಂದಿತ್ತು.