ಕುಫ್ರಾದ ಪ್ರತಿಜ್ಞೆ, ಜೋಜಿಲಾದ ಟ್ಯಾಂಕು

1941ರ ಮಾರ್ಚ್ 2. ಲಿಬಿಯಾ ಮರುಭೂಮಿಯ ಕುಫ್ರಾ ಕೋಟೆಯನ್ನು ಇಟಲಿಯವರಿಂದ ಗೆದ್ದುಕೊಂಡ ಮರುದಿನ, ಫ್ರೆಂಚ್ ಸೇನಾನಿ ಲೆಕ್ಲೇರ್ ಸೈನಿಕರೊಂದಿಗೆ ಪ್ರತಿಜ್ಞೆ ಮಾಡಿದರು. ಆಗ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ಊರು ಸ್ಟ್ರಾಸ್‌ಬರ್ಗ್‌ನ ದೊಡ್ಡ ಚರ್ಚಿನ ಮೇಲೆ ನಮ್ಮ ಬಾವುಟ ಹಾರುವ ತನಕ ಆಯುಧ ಕೆಳಗಿಡುವುದಿಲ್ಲ ಎಂದು. ಆಗ ಅವರ ಜೊತೆ ಇದ್ದದ್ದು ಸುಮಾರು 400 ಜನ. ಕೋಟೆಯ ಮುಂದೆ ಇದ್ದದ್ದು ಒಂದೇ ಒಂದು ದೊಡ್ಡ ಫಿರಂಗಿ. ಅದನ್ನೇ ಜಾಗ ಬದಲಿಸುತ್ತಾ ಹಾರಿಸಿ ಶತ್ರುವನ್ನು ಹೆದರಿಸಿದ್ದರು.

ನಾನೀಗ ಇರುವುದು ಅದೇ ಸ್ಟ್ರಾಸ್‌ಬರ್ಗ್‌ನಲ್ಲಿ.

1902ರಲ್ಲಿ ಹುಟ್ಟಿದ ಲೆಕ್ಲೇರ್ ಅವರ ನಿಜ ಹೆಸರು ಫಿಲಿಪ್ ದ ಓತ್‌ಕ್ಲೋಕ್. 1940ರಲ್ಲಿ ದೇಶ ಸೋತಾಗ ಜರ್ಮನ್ನರ ಕೈಗೆ ಸಿಕ್ಕಿ, ತಪ್ಪಿಸಿಕೊಂಡು, ಲಂಡನ್ನಿನಿಂದ ಹೋರಾಟ ನಡೆಸುತ್ತಿದ್ದ ಫ್ರೆಂಚ್ ನಾಯಕ ದ ಗಾಲ್ ಅವರನ್ನು ಸೇರಿದರು. ಹೆಂಡತಿ ಮಕ್ಕಳು ಫ್ರಾನ್ಸಿನಲ್ಲೇ ಉಳಿದಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಲೆಕ್ಲೇರ್ ಎಂಬ ಹೆಸರಿಟ್ಟುಕೊಂಡರು. 1944ರ ಆಗಸ್ಟ್ 25ರಂದು ಪ್ಯಾರಿಸ್ಸಿನ ಜರ್ಮನ್ ಸೇನಾಧಿಪತಿ ಶರಣಾದದ್ದು ಇವರಿಗೆ. ನವೆಂಬರ್ 23ರಂದು ಚರ್ಚಿನ ಮೇಲೆ ಬಾವುಟ ಹಾರಿತು. ಮುಂದೆ ಇಂಡೋಚೀನಾಕ್ಕೆ ಹೋದಾಗ, ವಿಯೆಟ್ನಾಂ ನಾಯಕ ಹೋ ಚಿ ಮಿನ್ ಜೊತೆ ಮಾತುಕತೆಯೇ ದಾರಿ ಅಂದರು. ಸೈನಿಕನೊಬ್ಬ ಹಾಗೆ ಹೇಳಿದ್ದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. 1947ರಲ್ಲಿ ಅಲ್ಜೀರಿಯಾದಲ್ಲಿ ವಿಮಾನ ಬಿದ್ದು ತೀರಿಕೊಂಡರು.

ಇಲ್ಲಿಯವರು ಇದನ್ನು ನೆನಪಿಟ್ಟುಕೊಂಡಿರುವ ರೀತಿ ನನಗೆ ಇಷ್ಟ. ಅವರ ದಂಡು ಬಂದ ದಾರಿಯುದ್ದಕ್ಕೂ, ನಾರ್ಮಂಡಿಯ ಕಡಲತೀರದಿಂದ ಈ ಊರಿನ ತನಕ, ಗುರುತಿನ ಕಲ್ಲು ನೆಟ್ಟಿದ್ದಾರೆ. ದಾರಿಯೇ ಕಥೆ ಹೇಳುತ್ತದೆ. ಆದರೆ ಈ ನೆನಪಿನಲ್ಲೂ ಒಂದು ಅನ್ಯಾಯ ಉಂಟು. ಕುಫ್ರಾದಲ್ಲಿ ಕಾದಾಡಿದವರಲ್ಲಿ ಜಾಸ್ತಿ ಜನ ಆಫ್ರಿಕಾದವರು. 1943ರಲ್ಲಿ ಹೊಸ ದಂಡು ಕಟ್ಟುವಾಗ ಕಪ್ಪು ಸೈನಿಕರನ್ನು ಕೈಬಿಟ್ಟರು. ಪ್ರತಿಜ್ಞೆಯ ಕಥೆ ಹೇಳುವಾಗ ಅವರ ಹೆಸರು ಎಷ್ಟು ಜನ ಎತ್ತುತ್ತಾರೆ?

ನಮ್ಮ ಕೊಡಗಿನ ಸೇನಾನಿ ತಿಮ್ಮಯ್ಯನವರ ಕಥೆ ಇದಕ್ಕಿಂತ ಕಮ್ಮಿಯೇನಲ್ಲ. 1948ರಲ್ಲಿ, ಪಾಕಿಸ್ತಾನದ ಜೊತೆ ಕಾಶ್ಮೀರದಲ್ಲಿ ಯುದ್ಧ ನಡೆದಾಗ, ಟ್ಯಾಂಕುಗಳ ಮೇಲ್ಭಾಗ ಬಿಚ್ಚಿ, ಗುಟ್ಟಾಗಿ ಶ್ರೀನಗರದ ಮೂಲಕ ಸಾಗಿಸಿ, ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಗೆ ನುಗ್ಗಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುತ್ತದೆ ಅಂತ ಎದುರಾಳಿ ಎಣಿಸಿರಲೇ ಇಲ್ಲ. ಲೇಹ್‌ಗೆ ದಾರಿ ತೆರೆದದ್ದು ಹಾಗೆ. ಅದು ನವೆಂಬರ್ 1.

ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ, ಅವರು ಹುಟ್ಟಿದ ಮನೆ ಈಗ ಮ್ಯೂಸಿಯಂ ಆಗಿದೆ. ಕೊಡಗಿನವರು ಮರೆತಿಲ್ಲ. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯನ್ನು ಜನ ಇನ್ನೂ ರಿಚ್ಮಂಡ್ ರಸ್ತೆ ಅಂತಲೇ ಕರೆಯುತ್ತಾರೆ, ಅಲ್ವಾ? ಹೆಸರಿನ ಫಲಕ ಸುಮ್ನೆ ನಿಂತಿದ್ದರೆ ಸಾಲದು. ಅದರ ಕೆಳಗೆ ಜೋಜಿಲಾದಲ್ಲಿ ಏನಾಯಿತು ಅಂತ ನಾಲ್ಕು ಸಾಲು ಕನ್ನಡದಲ್ಲಿ ಬರೆಸಲಿ. ರಾಜ್ಯೋತ್ಸವದ ದಿನ ಶಾಲೆಗಳಲ್ಲಿ ಆ ಟ್ಯಾಂಕುಗಳ ಕಥೆಯನ್ನೂ ಹೇಳಲಿ. ಅವನ್ನು ಓಡಿಸಿದವರು, ಹಿಮದಲ್ಲಿ ರಸ್ತೆ ಕಡಿದವರು ಯಾರು ಎಂಬುದನ್ನೂ ಅದರ ಜೊತೆಗೇ ಹೇಳಲಿ.